ವೀರಗಲ್ಲಿನ ಕೊನೆಯ ಸಾಲುಗಳು

ಈ ಉಪನ್ಯಾಸದ ದತ್ತಿಯನ್ನು ಇಟ್ಟವರು ಸೈನಿಕರೊಬ್ಬರ ಪತ್ನಿ. ತಮ್ಮ ಹೆಸರನ್ನಾಗಲಿ ಯಜಮಾನರ ಹೆಸರನ್ನಾಗಲಿ ವೇದಿಕೆಯಲ್ಲಿ ಎತ್ತಬಾರದು, ಬರೀ ಹೊಗಳುವ ಭಾಷಣ ಬೇಡ, ಕೇಳಿದವರಿಗೆ ಏನಾದರೂ ಗೊತ್ತಾಗುವಂತಿರಲಿ ಎಂಬುದು ಅವರ ಷರತ್ತು. ನನಗೆ ಒಪ್ಪಿಗೆಯಾಯಿತು. ನಾನು ಶಾಸನ ಓದುವುದನ್ನು ಕಲಿಸುತ್ತಿದ್ದ ಮೇಷ್ಟ್ರು. ಸೈನ್ಯದ ವಿಷಯಕ್ಕೂ ಕಲ್ಲು ಹಿಡಿದುಕೊಂಡೇ ಬರುತ್ತೇನೆ, ಸಹಿಸಿಕೊಳ್ಳಬೇಕು.

ಹಲ್ಮಿಡಿ ಶಾಸನ ನಿಮಗೆಲ್ಲ ಗೊತ್ತು. ಬೇಲೂರು ತಾಲ್ಲೂಕಿನ ಹಳ್ಳಿ, 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದದ್ದು, ಕಾಲ ಸುಮಾರು ಕ್ರಿ.ಶ. 450. ಪರೀಕ್ಷೆಗೆ ಇಷ್ಟು ಬರೆದರೆ ಅಂಕ ಸಿಗುತ್ತದೆ. ಆದರೆ ಆ ಕಲ್ಲಿನಲ್ಲಿ ಹೇಳಿರುವುದೇನು ಎಂದು ಕೇಳಿದರೆ ತರಗತಿ ತಲೆ ತಗ್ಗಿಸುತ್ತಿತ್ತು. ವಿಷ್ಣುವಿನ ಸ್ತುತಿ ಮುಗಿದ ಮೇಲೆ ಅದರಲ್ಲಿ ಬರುವುದು ಒಬ್ಬ ಯೋಧನ ಸಮಾಚಾರ. ಕದಂಬರ ಕಾಲದಲ್ಲಿ ಕೇಕಯ, ಪಲ್ಲವರ ವಿರುದ್ಧ ಕಾದಾಡಿ ಗೆದ್ದ ವಿಜಅರಸನಿಗೆ ಎರಡು ಹಳ್ಳಿಗಳನ್ನು ಬಾಳ್ಗಳ್ಚಾಗಿ ಕೊಟ್ಟರು, ಅಂದರೆ ಯುದ್ಧ ಮುಗಿಸಿ ಕತ್ತಿ ತೊಳೆದವನಿಗೆ ಸಲ್ಲುವ ಮರ್ಯಾದೆಯಾಗಿ. ಕೊಟ್ಟದ್ದನ್ನು ಕದ್ದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯೂ ಅದರಲ್ಲೇ ಇದೆ. ಕನ್ನಡ ಮಾತು ಕಲ್ಲಿನ ಮೇಲೆ ಕೂತ ಮೊದಮೊದಲ ದಿನಗಳಲ್ಲೇ ಸೈನಿಕನಿಗೆ ಏನು ಸಲ್ಲಬೇಕು ಎಂಬ ಲೆಕ್ಕ ಬರೆದಿದ್ದಾರೆ, ಆ ಲೆಕ್ಕವನ್ನು ಯಾರೋ ನುಂಗುತ್ತಾರೆ ಎಂಬ ಅನುಮಾನವನ್ನೂ ಜೊತೆಗೇ ಬರೆದಿದ್ದಾರೆ.

ವಿಜಅರಸ ಬದುಕಿ ಬಂದವನು. ಸತ್ತವರ ಲೆಕ್ಕ ಬೇಕಾದರೆ ಬೆಂಗಳೂರಿಗೆ ಬರಬೇಕು. ಬೇಗೂರಿನ ಪಂಚಲಿಂಗ ನಾಗೇಶ್ವರ ದೇವಸ್ಥಾನದ ಆವರಣದಲ್ಲಿ ಒಂದು ವೀರಗಲ್ಲಿದೆ. ಬೆಂಗಳೂರ ಕಾಳಗ ಎಂಬ ಮಾತು ಅದರಲ್ಲಿರುವುದರಿಂದ, ಈ ಊರಿನ ಹೆಸರು ಸಾವಿರ ವರ್ಷಕ್ಕಿಂತ ಹಳೆಯದು ಎಂದು ತೋರಿಸಲು ಎಲ್ಲರೂ ಅದರ ಫೋಟೊ ಹಾಕುತ್ತಾರೆ. ಆ ಕಾಳಗದಲ್ಲಿ ಸತ್ತವರು ನಾಗತ್ತರ ಎಂಬ ಅಧಿಕಾರಿಯ ಮನೆಗೆ ಸೇರಿದವರು ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಈ ನಾಗತ್ತರನದೇ ಇನ್ನೊಂದು ಕಲ್ಲು ಬೇಗೂರಿನಿಂದ ಹೋಗಿ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ದೊಡ್ಡ ಕಲ್ಲು. ಆನೆ, ಕುದುರೆ, ಕಾಲಾಳು, ಬಿದ್ದ ಹೆಣಗಳು ಎಲ್ಲ ಒಂದರ ಮೇಲೊಂದು ಮುಗಿಬಿದ್ದ ಹಾಗೆ ಕೆತ್ತಿದ್ದಾರೆ. ಗಂಗರ ಎರೆಯಪ್ಪನ ಅಪ್ಪಣೆಯಂತೆ ನಾಗತ್ತರ ತುಂಬೆಪಾಡಿಯಲ್ಲಿ ಮಹೇಂದ್ರನ ಸೈನ್ಯದ ಆನೆಗಳಿಗೆ ಎದುರಾಗಿ ಕಾದಿ ಸತ್ತ. ಸುದ್ದಿ ಕೇಳಿದ ಎರೆಯಪ್ಪ ಇರುಗ ಎಂಬವನಿಗೆ ನಾಗತ್ತರನ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ, ಅಂದರೆ ವೀರನ ಲೆಕ್ಕಕ್ಕೆ ಸಲ್ಲುವ ಭೂಮಿಯಾಗಿ, ಕೊಟ್ಟ. ಹಳ್ಳಿಗಳ ಹೆಸರುಗಳನ್ನು ಒಂದೊಂದಾಗಿ, ಗುಮಾಸ್ತ ಬರೆದಂತೆ, ಕಲ್ಲಿನಲ್ಲಿ ಬರೆಸಿದ್ದಾನೆ.

ನಾನು ಇವತ್ತು ಹೇಳಬೇಕೆಂದಿರುವುದು ಆ ಹಳ್ಳಿಗಳ ಪಟ್ಟಿಯ ಬಗ್ಗೆ. ವೀರಗಲ್ಲಿನ ಮುಂದೆ ನಿಂತಾಗ ನಾವು ಕೆಳಗಿನ ಪಟ್ಟಿಕೆಯಲ್ಲಿ ಯುದ್ಧ ನೋಡುತ್ತೇವೆ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದನ್ನು ನೋಡುತ್ತೇವೆ, ಮೇಲೆ ಲಿಂಗ, ಸೂರ್ಯ, ಚಂದ್ರ. ಕೈಮುಗಿದು ಹೊರಡುತ್ತೇವೆ. ಪಟ್ಟಿಕೆಗಳ ನಡುವಿನ ಅಕ್ಷರ ಸವೆದಿರುತ್ತದೆ, ಓದುವುದು ಕಷ್ಟ. ಕಷ್ಟಪಟ್ಟು ಓದಿದರೆ ಹಲವು ಕಲ್ಲುಗಳಲ್ಲಿ ಕೊನೆಗೆ ಬರುವುದು ಜಮೀನು. ಇಂಥ ಕೆರೆಯ ಕೆಳಗೆ ಇಷ್ಟು ಗದ್ದೆ, ಇಷ್ಟು ಬೆದ್ದಲು, ಇಂಥವನ ಮಕ್ಕಳಿಗೆ. ಕಲ್ನಾಡು ಎಂದೋ ನೆತ್ತರುಗೊಡಗೆ ಎಂದೋ ಅದಕ್ಕೆ ಹೆಸರು. ತುರುಗಾಳಗದಲ್ಲಿ ಊರಿನ ದನ ಬಿಡಿಸಿಕೊಂಡು ಬರಲು ಹೋಗಿ ಸತ್ತವನಿಗೂ, ದೊರೆಯ ದಂಡಿನಲ್ಲಿ ಸತ್ತವನಿಗೂ ಇಂಥ ಕೊಡುಗೆ ಸಂದಿರುವುದುಂಟು. ಎಲ್ಲ ಕಲ್ಲುಗಳಲ್ಲೂ ಇಲ್ಲ, ಬರೀ ಹೆಸರಿಟ್ಟು ಕೈತೊಳೆದುಕೊಂಡವೂ ಬೇಕಾದಷ್ಟಿವೆ. ಆದರೆ ಕೊಟ್ಟ ಕಡೆ ಸೂರ್ಯಚಂದ್ರರಿರುವ ತನಕ ಎಂದು ಕೊಟ್ಟಿದ್ದಾರೆ. ಕೊಡುಗೆಯನ್ನು ಅಳಿಪಿದವನು ವಾರಣಾಸಿಯಲ್ಲಿ ಕವಿಲೆ ಹಸುಗಳನ್ನು ಕೊಂದ ಪಾಪಕ್ಕೆ ಹೋಗುತ್ತಾನೆ ಎಂದು ಶಾಪ ಹಾಕಿದ್ದಾರೆ. ಶಾಪ ಯಾರಿಗೆ? ಶತ್ರುರಾಜನಿಗಂತೂ ಅಲ್ಲ. ಪಕ್ಕದ ಹೊಲದವನಿಗೆ, ದಾಯಾದಿಗೆ, ಊರಗೌಡನಿಗೆ. ಗಂಡು ದಿಕ್ಕಿಲ್ಲದ ಮನೆಯ ಗದ್ದೆಯ ಬದುವನ್ನು ಯಾರು ಒತ್ತಿಕೊಳ್ಳುತ್ತಾರೆ ಎಂಬುದು ಶಾಸನ ಬರೆಸಿದವರಿಗೆ ಚೆನ್ನಾಗಿ ಗೊತ್ತಿತ್ತು.

ಹಳೆಯ ಕಾಲವೇ ಚೆನ್ನಾಗಿತ್ತು ಎಂದು ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ವೀರಗಲ್ಲಿನ ಪಕ್ಕದಲ್ಲೇ ಎಷ್ಟೋ ಊರುಗಳಲ್ಲಿ ಮಾಸ್ತಿಕಲ್ಲು, ಅಂದರೆ ಸಹಗಮನ ಮಾಡಿದವಳ ಕಲ್ಲು, ನಿಂತಿದೆ. ಕಂಬದಿಂದ ಚಾಚಿಕೊಂಡು ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ಕೈ, ಕೈತುಂಬ ಬಳೆ, ಬೆರಳುಗಳ ನಡುವೆ ನಿಂಬೆಹಣ್ಣು. ಆ ಹೆಂಗಸಿಗೆ ಗದ್ದೆಯ ಅಗತ್ಯ ಬೀಳಲಿಲ್ಲ. ಯೋಧನ ಮನೆಯವರ ತ್ಯಾಗ ಎಂದು ನಾವು ಇವತ್ತು ಸಭೆಗಳಲ್ಲಿ ಹಗುರವಾಗಿ ಆಡುವ ಮಾತು ಅಲ್ಲಿ ಅಕ್ಷರಶಃ ನಡೆದುಹೋಗಿದೆ. ಗಂಡನ ಮನೆತನದ ಮಾನಕ್ಕಾಗಿ ಹೆಂಡತಿ ಏನಾಗಬೇಕು ಎಂಬುದನ್ನು ಸತ್ತವನನ್ನು ಗೌರವಿಸುವವರೇ ತೀರ್ಮಾನಿಸುವ ಚಟ ನಮ್ಮಲ್ಲಿ ಹಳೆಯದು. ಇದಕ್ಕೆ ಮತ್ತೆ ಬರುತ್ತೇನೆ.

ಈಗ ನಮ್ಮ ಕಾಲದ ಕಲ್ಲುಗಳನ್ನು ನೋಡೋಣ. ಮೊದಲ ಮಹಾಯುದ್ಧ ಮುಗಿದ ಮೇಲೆ ಭಾರತದ ಎಷ್ಟೋ ಹಳ್ಳಿಗಳಲ್ಲಿ ಅಮೃತಶಿಲೆಯ ಸಣ್ಣ ಫಲಕಗಳನ್ನು ನೆಟ್ಟರು. ಈ ಊರಿನಿಂದ 1914–1919ರ ಯುದ್ಧಕ್ಕೆ ಇಷ್ಟು ಮಂದಿ ಹೋದರು, ಇಷ್ಟು ಮಂದಿ ಸತ್ತರು, ಅಷ್ಟೇ. ಹೆಸರಿಲ್ಲ. ಹತ್ತನೆಯ ಶತಮಾನದ ದನ ಕಾಯುವವನಿಗೆ ಸಿಕ್ಕ ಮರ್ಯಾದೆ ಇಪ್ಪತ್ತನೆಯ ಶತಮಾನದ ಸಿಪಾಯಿಗೆ ಸಿಗಲಿಲ್ಲ. 1931ರಲ್ಲಿ ಉದ್ಘಾಟನೆಯಾದ ದೆಹಲಿಯ ಇಂಡಿಯಾ ಗೇಟಿನ ಮೇಲೆ ಹದಿಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ನಿಜ. ಅವೆಲ್ಲ ಬ್ರಿಟಿಷರ ಯುದ್ಧಗಳ ಹೆಸರುಗಳು. ಸ್ವತಂತ್ರ ಭಾರತಕ್ಕಾಗಿ ಸತ್ತವರ ಹೆಸರುಗಳನ್ನೆಲ್ಲ ಒಂದೆಡೆ ಕೆತ್ತಿಸಿದ ರಾಷ್ಟ್ರೀಯ ಯುದ್ಧ ಸ್ಮಾರಕ ಉದ್ಘಾಟನೆಯಾದದ್ದು 2019ರ ಫೆಬ್ರವರಿ 25ರಂದು. ಎಪ್ಪತ್ತೊಂದು ವರ್ಷ ಬೇಕಾಯಿತು. ಬೆಂಗಳೂರಿನವರು ನೆಹರೂ ತಾರಾಲಯದ ಹತ್ತಿರದ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲೆಯೊಂದನ್ನು ನಿಲ್ಲಿಸಿ ಅದಕ್ಕೆ ವೀರಗಲ್ಲು ಎಂದೇ ಹೆಸರಿಟ್ಟರು. ಹೆಸರು ಒಳ್ಳೆಯದು, ಕಲ್ಲೂ ಭಾರಿಯಾಗಿದೆ.

ಮೈಸೂರು ಲ್ಯಾನ್ಸರ್ಸ್ ಬಗ್ಗೆ ಹೇಳದಿದ್ದರೆ ಇಲ್ಲಿರುವ ಮೈಸೂರಿನವರು ಬಿಡುವುದಿಲ್ಲ. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಕುದುರೆ ಸವಾರರ ಜೊತೆ ಸೇರಿ ಈಟಿ ಹಿಡಿದು ಹೈಫಾ ಪಟ್ಟಣವನ್ನು ಗೆದ್ದ ನಮ್ಮ ಸವಾರರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಪಾಲಿನದು. ಪ್ರಧಾನಿಗಳ ಮನೆಗೆ ಆ ಪ್ರತಿಮೆಗಳಿಂದ ಹೆಸರು ಬಂತು, ಪ್ರತಿಮೆಗಳು ಯಾರವು ಎಂಬುದು ಮರೆತುಹೋಯಿತು.

ಈಗ ಕೊಡಗಿಗೆ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಅವರ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ದೇವಯ್ಯ ಆ ತಂಡದಲ್ಲಿ ಹೆಚ್ಚುವರಿಯಾಗಿ ಇಟ್ಟುಕೊಂಡಿದ್ದ ಪೈಲಟ್. ಯಾವುದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ, ಆ ಸರದಿ ಬಂತು. ದಾಳಿ ಮುಗಿಸಿ ಹಿಂದಿರುಗುವಾಗ ಅಮೆರಿಕದಿಂದ ಬಂದಿದ್ದ ಸ್ಟಾರ್‌ಫೈಟರ್ ಒಂದು ಬೆನ್ನು ಹತ್ತಿತು. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲ ವಿಮಾನ ಅದು, ಮಿಸ್ಟೇರ್ ಅದರ ಮುಂದೆ ಹಳೆಯ ಸರಕು. ದೇವಯ್ಯ ತಿರುಗಿ ನಿಂತರು. ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ಎದುರಾಳಿಯನ್ನು ಹೊಡೆದುರುಳಿಸಿದರು. ಪಾಕಿಸ್ತಾನದ ಪೈಲಟ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡ. ದೇವಯ್ಯ ಬರಲಿಲ್ಲ.

ಇಲ್ಲಿ ಭಾರತಕ್ಕೆ ಗೊತ್ತಿದ್ದದ್ದು ಕೊನೆಯ ಎರಡು ಪದಗಳಷ್ಟೇ. ವಿಮಾನ ಹಿಂದಿರುಗಲಿಲ್ಲ, ಏನಾಯಿತೆಂದು ಕಂಡವರಿಲ್ಲ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕ ಪಾಕಿಸ್ತಾನದ ಕಡೆಯಿಂದ ಆ ವಾಯುಯುದ್ಧದ ಪುಸ್ತಕ ಬರೆದಾಗ, ಸ್ಟಾರ್‌ಫೈಟರ್ ಬಿದ್ದದ್ದು ಒಂದು ಮಿಸ್ಟೇರಿನ ಹೊಡೆತಕ್ಕೆ ಎಂದು ತಿಳಿಯಿತು. ಯಾವ ಮಿಸ್ಟೇರ್ ಎಂದು ಲೆಕ್ಕ ಹಾಕಿದಾಗ ದೇವಯ್ಯ ಅವರಲ್ಲದೆ ಇನ್ನಾರೂ ಆಗಿರಲು ಸಾಧ್ಯವಿರಲಿಲ್ಲ. ಅದನ್ನು ಹಿಡಿದು ಬೆನ್ನುಹತ್ತಿದವರು ವಾಯುಪಡೆಯವರೇ. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಸ್ವೀಕರಿಸಿದವರು ಅವರ ಪತ್ನಿ. ಇಪ್ಪತ್ತಮೂರು ವರ್ಷ. ನಡುವಿನ ಕಾಲದಲ್ಲಿ ಆ ಮನೆಯವರು ಏನೆಂದು ಹೇಳಿಕೊಳ್ಳಬೇಕಾಗಿತ್ತು? ಕೊಡಗಿನಲ್ಲಿ ಸತ್ತವನಿಗೆ ಸಲ್ಲಿಸಬೇಕಾದ ಕ್ರಮಗಳಿವೆ, ವರ್ಷಕ್ಕೊಮ್ಮೆ ಕಾರಣವರಿಗೆ, ಅಂದರೆ ಗತಿಸಿದ ಹಿರಿಯರಿಗೆ, ಕೊಡುವ ಎಡೆಯಿದೆ. ಕಾಣೆಯಾದವನಿಗೆ ಯಾವ ಕ್ರಮ? ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಹತ್ತಿರ ಅವರ ಪ್ರತಿಮೆಯಿದೆ, ಹೋದವರು ಅರ್ಧ ನಿಮಿಷ ನಿಂತು ಬನ್ನಿ. ಶೌರ್ಯಕ್ಕೆ ಸಾಕ್ಷಿ ಹೇಳಿದ್ದು ಶತ್ರುವಿನ ಕಡೆಯ ದಾಖಲೆ ಎಂಬುದು ನನ್ನಂಥ ಇತಿಹಾಸದವರಿಗೆ ಬಲು ಇಷ್ಟದ ವಿವರ. ಆ ಹೆಣ್ಣುಮಗಳಿಗೆ ಅದು ಎಷ್ಟರಮಟ್ಟಿಗೆ ಸಮಾಧಾನ ಕೊಟ್ಟಿತೋ ನಾನು ಹೇಳಲಾರೆ.

ದೇವಯ್ಯ ಅವರ ವಿಷಯದಲ್ಲಿ ಗೌರವ ತಡವಾಯಿತು. ಇನ್ನೊಂದು ಕಡೆ ಅತಿ ಬೇಗವೂ ಆಯಿತು. 2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣೆಯ ಮೇಲೆ, ಹತ್ತೊಂಬತ್ತು ಸಾವಿರ ಅಡಿಗೂ ಮೇಲೆ, ಹಿಮದ ಗೋಡೆ ಕುಸಿಯಿತು. ಮದ್ರಾಸ್ ರೆಜಿಮೆಂಟಿನ 19ನೇ ಬೆಟಾಲಿಯನ್ನಿನ ಹತ್ತು ಮಂದಿ ಅಡಿಯಲ್ಲಿ ಸಿಕ್ಕಿದರು. ಆರು ದಿನಗಳ ನಂತರ ಕುಂದಗೋಳ ತಾಲ್ಲೂಕು ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಉಸಿರಾಡುತ್ತಿದ್ದಾರೆ ಎಂದು ಗೊತ್ತಾದಾಗ ನಾಡಿಗೆ ನಾಡೇ ಟಿ.ವಿ. ಮುಂದೆ ಕೂತಿತು. ದೆಹಲಿಯ ಸೇನಾ ಆಸ್ಪತ್ರೆಯಲ್ಲಿ 11ರಂದು ತೀರಿಕೊಂಡರು. ಮೆರವಣಿಗೆ, ಘೋಷಣೆ, ಮಂತ್ರಿಗಳು, ಊರಿನ ಹಾದಿ ತುಂಬ ಬ್ಯಾನರ್. ಅದೇ ಹಿಮದಡಿ ಹಾಸನ ಜಿಲ್ಲೆ ತೇಜೂರಿನ ಸುಬೇದಾರ್ ಟಿ.ಟಿ. ನಾಗೇಶ, ಎಚ್.ಡಿ. ಕೋಟೆ ತಾಲ್ಲೂಕಿನ ಸಿಪಾಯಿ ಪಿ.ಎನ್. ಮಹೇಶ ಕೂಡ ಇದ್ದರು. ಕ್ಯಾಮೆರಾಗಳ ಕಣ್ಣಿಗೆ ಅವರು ಹನುಮಂತಪ್ಪನವರಷ್ಟು ಬೀಳಲಿಲ್ಲ. ಅವರ ಊರುಗಳಲ್ಲಿ ಜನ ಕಮ್ಮಿ ಅತ್ತರು ಎಂದು ಇದರ ಅರ್ಥವಲ್ಲ.

ಬ್ಯಾನರ್ ಇಳಿಸಿದ ಮೇಲೆ ಏನಾಗುತ್ತದೆ ಎಂಬುದೇ ವೀರಗಲ್ಲಿನ ಕೊನೆಯ ಸಾಲು. ಅದನ್ನು ಈಗ ಬರೆಯುವುದು ಪೆನ್ಷನ್ ಕಚೇರಿ. ಸೈನಿಕ ಸತ್ತರೆ ಮನೆಯವರಿಗೆ ಸಿಗುವುದರಲ್ಲಿ ಮೂರು ದರ್ಜೆಗಳಿವೆ. ಸೇವೆಗೆ ಸಂಬಂಧವಿಲ್ಲದ ಸಾವಾದರೆ ಸಾಮಾನ್ಯ ಕುಟುಂಬ ಪಿಂಚಣಿ, ಕೊನೆಯ ಸಂಬಳದ ಶೇ. 30. ಸೇವೆಯ ಕಾರಣದಿಂದಾದ ಸಾವಾದರೆ ವಿಶೇಷ ಪಿಂಚಣಿ, ಶೇ. 60. ಯುದ್ಧದಲ್ಲೋ ಕಾರ್ಯಾಚರಣೆಯಲ್ಲೋ ಆದರೆ ಉದಾರೀಕೃತ ಪಿಂಚಣಿ, ಪೂರ್ತಿ ಸಂಬಳ. ಯಾವ ಸಾವು ಯಾವ ದರ್ಜೆಗೆ ಸೇರಬೇಕು ಎಂಬುದನ್ನು ವಿಚಾರಣೆ ನಡೆಸಿ ಕಾಗದದ ಮೇಲೆ ನಿರ್ಧರಿಸುತ್ತಾರೆ. ಕಾವಲು ನಿಂತಲ್ಲೇ ಎದೆನೋವಿನಿಂದ ಬಿದ್ದವನ ಸಾವು ಸೇವೆಯಿಂದಾದದ್ದೋ ಅಲ್ಲವೋ? ಇಂಥ ಪ್ರಶ್ನೆಗಳು ನ್ಯಾಯಮಂಡಳಿಗಳ ತನಕ ಹೋಗಿವೆ.

ದರ್ಜೆ ಸರಿಯಾದರೂ ಹೆಸರು ಸರಿಯಿರಬೇಕು. ಜವಾನ ಮದುವೆಯಾದದ್ದು, ಮಗು ಹುಟ್ಟಿದ್ದು ಎಲ್ಲ ಯುನಿಟ್ಟಿನಲ್ಲಿ ಪಾರ್ಟ್ ಟೂ ಆರ್ಡರ್ ಎಂಬ ದಾಖಲೆಯಲ್ಲಿ ಏರಬೇಕು. ಏರದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅವನಿಗೆ ಹೆಂಡತಿಯೇ ಇಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ತವರಿನಲ್ಲಿ ಒಂದು ಹೆಸರು, ಗಂಡನ ಮನೆಯಲ್ಲಿ ಇನ್ನೊಂದು ಹೆಸರು ಇರುವುದು ಹೊಸತಲ್ಲ. ಆಧಾರ್‌ನಲ್ಲಿ ಅವ್ವ, ಯುನಿಟ್ಟಿನಲ್ಲಿ ಬಾಯಿ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಮ್ಮ. ಈ ಮೂವರೂ ಒಬ್ಬಳೇ ಎಂದು ಸಾಬೀತು ಮಾಡಲು ಅಫಿಡವಿಟ್ಟು, ನೋಟರಿ, ತಹಶೀಲ್ದಾರರ ಕಚೇರಿ. ಈಗ ಎಲ್ಲವೂ ಸ್ಪರ್ಶ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಬಂದಿದೆ. ಮನೆಯಲ್ಲೇ ಕೂತು ಮಾಡಬಹುದು ಎನ್ನುತ್ತಾರೆ. ಎಂಬತ್ತು ದಾಟಿದ ಅಜ್ಜಿ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಎಂಬುದನ್ನು ಅದಕ್ಕೆ ತೋರಿಸಬೇಕು, ಹೊಲದಲ್ಲಿ ದುಡಿದು ಸವೆದ ಬೆರಳಿನ ಗುರುತು ಯಂತ್ರಕ್ಕೆ ಹತ್ತುವುದಿಲ್ಲ. ಆ ಹಳೆಯ ಕಲ್ಲುಗಳ ಶಾಪವನ್ನು ಇಲ್ಲಿ ಯಾರ ಮೇಲೆ ಹಾಕಬೇಕೋ ತಿಳಿಯದು, ಯಂತ್ರಕ್ಕೆ ಮಹಾಪಾತಕ ತಟ್ಟುವುದಿಲ್ಲವಲ್ಲ.

ಮಾಸ್ತಿಕಲ್ಲಿಗೆ ಮತ್ತೆ ಬರುತ್ತೇನೆ ಎಂದಿದ್ದೆ. ಶೌರ್ಯ ಪ್ರಶಸ್ತಿ ಪಡೆದ ಸೈನಿಕನ ಮಡದಿಗೆ ಪ್ರತಿ ತಿಂಗಳು ಒಂದು ಭತ್ಯೆ ಬರುತ್ತದೆ. ಆಕೆ ಮರುಮದುವೆಯಾದರೆ ಅದು ನಿಂತುಹೋಗುತ್ತಿತ್ತು. ಒಂದು ವಿನಾಯಿತಿ ಇತ್ತು. ಸತ್ತ ಗಂಡನ ತಮ್ಮನನ್ನೋ ಅಣ್ಣನನ್ನೋ ಮದುವೆಯಾದರೆ ಭತ್ಯೆ ಮುಂದುವರಿಯುತ್ತಿತ್ತು. ದಶಕಗಳ ಕಾಲ ಸ್ವತಂತ್ರ ಭಾರತದ ರಕ್ಷಣಾ ಸಚಿವಾಲಯದ ಆದೇಶದಲ್ಲಿದ್ದ ಷರತ್ತು ಇದು, 2017ರ ನವೆಂಬರಿನಲ್ಲಿ ಅದನ್ನು ತೆಗೆದುಹಾಕಿದರು. ದುಡ್ಡು ಮನೆಯಿಂದ ಹೊರಗೆ ಹೋಗಬಾರದು ಎಂದು ಊರಿನ ಹಿರಿಯರು ಜಗಲಿಯ ಮೇಲೆ ಕೂತು ಹೇಳುವ ಮಾತು ಸರ್ಕಾರಿ ಮೊಹರಿನೊಂದಿಗೆ ಅಷ್ಟು ವರ್ಷ ಬದುಕಿತ್ತು. ಗಂಡನ ಪದಕ ಹಿಡಿದು ರಾಷ್ಟ್ರಪತಿ ಭವನದ ಮೆಟ್ಟಿಲಿಳಿದು ಬಂದ ಇಪ್ಪತ್ತೈದರ ಹುಡುಗಿಗೆ ಅದರ ಜೊತೆಗೇ ಮೈದುನನ ಕಡೆಗೂ ಬೆರಳು ತೋರಿಸುತ್ತಿದ್ದೆವು. ಇದನ್ನು ಗೌರವ ಎಂದು ಕರೆಯಲು ನನ್ನ ನಾಲಗೆ ಏಳುವುದಿಲ್ಲ.

ಇನ್ನೊಂದು ಕಡೆಯೂ ಇದೆ, ಅದನ್ನು ಮುಚ್ಚಿಡಬಾರದು. ಪಿಂಚಣಿ ಹೆಂಡತಿಗೆ ಹೋಗುತ್ತದೆ, ಹೆತ್ತವರಿಗೆ ಅದರಲ್ಲಿ ಪಾಲಿರುವುದಿಲ್ಲ. ಹೊಲ ಮಾರಿ ಓದಿಸಿದ ಮಗನನ್ನು ಕಳೆದುಕೊಂಡ ಅಪ್ಪ, ಅವ್ವ ಸೊಸೆಯ ದಯೆಯ ಮೇಲೆ ನಿಲ್ಲುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಈ ಜಗಳ ಟಿ.ವಿ. ತನಕ ಬಂದು, ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳನ್ನು ಊರೆಲ್ಲ ಸೇರಿ ಬೈದದ್ದನ್ನೂ ನೋಡಿದ್ದೇವೆ. ಹಂಚಿಕೆಯ ನಿಯಮ ತಿದ್ದುವುದು ಸರ್ಕಾರದ ಕೆಲಸ. ಸೊಸೆಯ ನಡತೆ ಅಳೆಯುವುದು ಯಾರ ಕೆಲಸವೂ ಅಲ್ಲ.

ಸಾವಿನ ಮಾತೇ ಆಯಿತು. ಸೈನ್ಯಕ್ಕೆ ಸೇರಿದ ಬಹುತೇಕರು ಜೀವಂತವಾಗಿ ಹಿಂದಿರುಗುತ್ತಾರೆ, ಅವರ ಮನೆಯವರ ಕಥೆ ವೀರಗಲ್ಲಿನಲ್ಲಿ ಬರುವುದಿಲ್ಲ. ನನ್ನ ದೊಡ್ಡಪ್ಪ ಮಿಲ್ಟ್ರಿಯಲ್ಲಿದ್ದರು. ದೊಡ್ಡಮ್ಮ ಅವರಿಗೆ ಬರೆಸುತ್ತಿದ್ದ ಪ್ರತಿ ಕಾಗದದ ಮೇಲೂ ವಿಳಾಸ ಒಂದೇ: ನಂಬರು, ಯುನಿಟ್ಟು, 56 ಎ.ಪಿ.ಓ. ಲಡಾಖಿನಲ್ಲಿದ್ದರೂ ಅದೇ, ನಾಗಾಲ್ಯಾಂಡಿನಲ್ಲಿದ್ದರೂ ಅದೇ. ಗಂಡ ಎಲ್ಲಿದ್ದಾನೆ ಎಂದು ಕೇಳಿದವರಿಗೆ ಆಕೆ ಐವತ್ತಾರರಲ್ಲಿ ಎನ್ನುತ್ತಿದ್ದರು, ಅದೊಂದು ಊರು ಎಂಬಂತೆ. ವರ್ಷಕ್ಕೆ ಅರವತ್ತು ದಿನ ವಾರ್ಷಿಕ ರಜೆ, ಮೂವತ್ತು ದಿನ ಕ್ಯಾಶುಯಲ್, ಸಿಕ್ಕರೆ. ಪಿಂಚಣಿಗೆ ಕನಿಷ್ಠ ಹದಿನೈದು ವರ್ಷ ಸೇವೆ. ಬಿತ್ತನೆ, ಹೆರಿಗೆ, ಅತ್ತೆಯ ಆಸ್ಪತ್ರೆ, ಮಕ್ಕಳ ಶಾಲೆ, ದಾಯಾದಿಗಳ ಕೋರ್ಟು ಕೇಸು ಎಲ್ಲವನ್ನೂ ಹೆಂಡತಿ ಒಬ್ಬಳೇ ಸುಧಾರಿಸುತ್ತಾಳೆ. ಗಂಡ ಮನೆಗೆ ಬರುವ ಹೊತ್ತಿಗೆ ಅವನಿಗೆ ನಲವತ್ತು ಕೂಡ ಆಗಿರುವುದಿಲ್ಲ. ಮತ್ತೆ ಕೆಲಸ ಹುಡುಕಬೇಕು. ನಮ್ಮೂರಿನ ಬ್ಯಾಂಕುಗಳ ಬಾಗಿಲಲ್ಲಿ ಬಂದೂಕು ಹಿಡಿದು ನಿಂತು ಚಲನ್ ತುಂಬಲು ನಿಮಗೆ ಸಹಾಯ ಮಾಡುವವರು ಯಾರು ಎಂದುಕೊಂಡಿರಿ? ಭೂ ಮಂಜೂರಾತಿ ನಿಯಮಗಳಲ್ಲಿ ಮಾಜಿ ಸೈನಿಕರಿಗೆ ಮೀಸಲಿದೆ. ಹಳೆಯ ಕಲ್ನಾಡಿನ ನೆರಳು ಅಷ್ಟಾದರೂ ಉಳಿದಿದೆ, ಅರ್ಜಿ ಹಾಕಿದವರನ್ನು ಕೇಳಿದರೆ ಉಳಿದ ಕಥೆ ಹೇಳುತ್ತಾರೆ.

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಬಗ್ಗೆ ಒಂದು ಪ್ರಸಂಗವನ್ನು ಎಲ್ಲ ಭಾಷಣಗಳಲ್ಲೂ ಹೇಳುತ್ತಾರೆ. 1965ರಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದ ಸೆರೆಯಾದಾಗ, ಹಿಂದೆ ತಮ್ಮ ಜೊತೆ ಸೇವೆಯಲ್ಲಿದ್ದ, ಆಗ ಪಾಕಿಸ್ತಾನದ ಅಧ್ಯಕ್ಷರಾಗಿದ್ದ ಅಯೂಬ್ ಖಾನ್ ವಿಶೇಷ ಉಪಚಾರದ ಮಾತೆತ್ತಿದರೂ, ಸೆರೆಯಲ್ಲಿರುವವರೆಲ್ಲ ತಮ್ಮ ಮಕ್ಕಳೇ ಎಂದು ಅವರು ಒಪ್ಪಲಿಲ್ಲ. ದೊಡ್ಡ ಮಾತು. ನನಗೆ ಅದಕ್ಕಿಂತ ಹೆಚ್ಚು ಹಿಡಿಸಿದ್ದು ಅವರು 1964ರಲ್ಲಿ ಮಾಜಿ ಸೈನಿಕರ ಲೀಗನ್ನು ಕಟ್ಟಿದ್ದು. 1953ರಲ್ಲಿ ನಿವೃತ್ತರಾದ ದಂಡನಾಯಕ ಮಡಿಕೇರಿಯ ಮನೆಯ ಹೂದೋಟ ನೋಡಿಕೊಂಡು ಇರಬಹುದಿತ್ತು. ಪಿಂಚಣಿ ತಪ್ಪಿದವರ ಅರ್ಜಿಗಳ ರಗಳೆಯನ್ನು ತಾವಾಗಿ ಮೈಮೇಲೆ ಎಳೆದುಕೊಂಡರು.

2022ರಲ್ಲಿ ಬಂದ ಅಗ್ನಿಪಥ ಯೋಜನೆಯ ಬಗ್ಗೆ ನನಗಿರುವ ತಕರಾರೂ ಈ ಪಿಂಚಣಿಯ ವಿಷಯದಿಂದಲೇ. ನಾಲ್ಕು ವರ್ಷಕ್ಕೆ ಸೇರುವ ಅಗ್ನಿವೀರ ಸತ್ತರೆ ಮನೆಯವರಿಗೆ 48 ಲಕ್ಷ ರೂಪಾಯಿ ವಿಮೆ, ಕರ್ತವ್ಯದಲ್ಲಿ ಸತ್ತರೆ ಇನ್ನೂ 44 ಲಕ್ಷ ಪರಿಹಾರ, ಉಳಿದ ಅವಧಿಯ ಸಂಬಳ. ಕಡಿಮೆ ಮೊತ್ತವಲ್ಲ. ಆದರೆ ತಿಂಗಳ ಕುಟುಂಬ ಪಿಂಚಣಿ ಇಲ್ಲ. ಸೈನ್ಯಕ್ಕೆ ತರುಣರು ಬೇಕು, ಪಿಂಚಣಿಯ ಹೊರೆ ಇಳಿಯಬೇಕು ಎಂಬ ವಾದ ನನಗೂ ಅರ್ಥವಾಗುತ್ತದೆ. ಹಳ್ಳಿಯಲ್ಲಿ ಬೆಳೆದವನಿಗೆ ಇನ್ನೊಂದೂ ಗೊತ್ತು. ಒಮ್ಮೆಲೇ ಬಂದ ದೊಡ್ಡ ದುಡ್ಡಿಗೆ ನೆಂಟರು ಬಹಳ, ತಿಂಗಳಿಗೊಮ್ಮೆ ಬರುವ ಸಣ್ಣ ದುಡ್ಡಿಗೆ ಕಡಿಮೆ. ಗಂಗರ ಕಾಲದವರು ಹೊನ್ನಿನ ಗಂಟು ಕೊಡಬಹುದಿತ್ತು, ಫಲ ಕೊಡುತ್ತಲೇ ಇರುವ ನೆಲ ಕೊಟ್ಟರು.

ಡಿಸೆಂಬರ್ 7 ಹತ್ತಿರ ಬರುತ್ತಿದೆ. 1949ರಿಂದ ಆ ದಿನ ಧ್ವಜ ದಿನಾಚರಣೆ, ಸೈನಿಕರ ನಿಧಿಗೆ ವಂತಿಗೆ ಎತ್ತುತ್ತೇವೆ. ಈ ಕಾಲೇಜಿನ ಎನ್.ಎಸ್.ಎಸ್. ಹುಡುಗರು ಡಬ್ಬಿ ಹಿಡಿದು ಬಸ್ ನಿಲ್ದಾಣಕ್ಕೆ ಹೋಗುವುದನ್ನು ನೋಡಿದ್ದೇನೆ, ಮುಂದುವರಿಸಲಿ. ಈ ಸಲ ಇನ್ನೊಂದು ಕೆಲಸ ಸೇರಿಸಿಕೊಳ್ಳಿ ಎಂದು ಪ್ರಾಂಶುಪಾಲರನ್ನು ಕೇಳಿಕೊಳ್ಳುತ್ತೇನೆ. ಜಿಲ್ಲಾ ಸೈನಿಕ ಕಚೇರಿಯವರ ಸಹಕಾರ ಪಡೆದು ಸುತ್ತಲಿನ ಹಳ್ಳಿಗಳಲ್ಲಿ ಮಾಜಿ ಸೈನಿಕರ, ಸೈನಿಕರ ವಿಧವೆಯರ ಮನೆಗೆ ಇಬ್ಬಿಬ್ಬರಾಗಿ ಹೋಗಿ. ಭಾಷಣ ಮಾಡಬೇಡಿ, ಶಾಲು ಹೊದಿಸಬೇಡಿ. ಪೆನ್ಷನ್ ಆರ್ಡರ್, ಆಧಾರ್, ಪಾಸ್‌ಬುಕ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು, ಹುಟ್ಟಿದ ದಿನಾಂಕ ತಾಳೆ ನೋಡಿ. ಅಜ್ಜಿಯ ಜೀವನ ಪ್ರಮಾಣಪತ್ರ ಮೊಬೈಲಿನಲ್ಲಿ ಆಗುತ್ತದೋ ನೋಡಿ, ಬೆರಳು ಹತ್ತದಿದ್ದರೆ ಮುಖದ ಗುರುತಿನಿಂದ ಮಾಡುವ ದಾರಿಯೂ ಇದೆ. ತಪ್ಪು ಕಂಡಲ್ಲಿ ಅರ್ಜಿ ಬರೆದುಕೊಡಿ. ಇತಿಹಾಸ ವಿಭಾಗದವರು ದಾರಿಯಲ್ಲಿ ವೀರಗಲ್ಲು ಕಂಡರೆ ಅದರ ಅಕ್ಷರವನ್ನೂ ಓದಿಕೊಂಡು ಬರಲಿ. ಜೆರಾಕ್ಸ್ ಖರ್ಚನ್ನು ಈ ದತ್ತಿಯ ಬಡ್ಡಿಯಲ್ಲಿ ಹಾಕಬಹುದು, ದತ್ತಿ ಇಟ್ಟವರನ್ನು ಕೇಳಿಯೇ ಹೇಳುತ್ತಿದ್ದೇನೆ.